ಪೂಜೆಗೆ ಕೂತ ಎಮ್ಮೆ

ಹೊಳೆ ದಂಡೆಯ ಮೇಲೆ ಒಂದು ಆಶ್ರಮ. ಆಶ್ರಮಕ್ಕೆ ಅಂಟಿಕೊಂಡು ಚಿಕ್ಕ ಮಕ್ಕಳ ಒಂದು ಶಾಲೆ. ಶಾಲೆಯ ಮೂಲೆಯಲ್ಲಿ ಒಂದು ಪುಸ್ತಕದ ಕೋಣೆ.

ಆಶ್ರಮದ ಹಿರಿಯರು ಹಾಲಯ್ಯ ಗುರುಗಳು. ಮಕ್ಕಳ ಬಾಯಲ್ಲಿ ಬರೀ ಅಜ್ಜಯ್ಯ. ಕಾಲ ಬದಲಾದಾಗಲೆಲ್ಲ ಮಕ್ಕಳಿಗೊಂದು ಓದಿನ ಹಬ್ಬ ಆಗಬೇಕು ಅನ್ನೋದು ಅವರು ಹಾಕಿದ ಪದ್ಧತಿ. ಬೇಸಿಗೆಯಲ್ಲಿ ಹೊಳೆಯ ಮರಳಿನ ಮೇಲೆ. ಮಳೆಗಾಲದಲ್ಲಿ ಪುಸ್ತಕದ ಕೋಣೆಯೊಳಗೆ, ಹುರಿದ ಜೋಳ ಮೆಲ್ಲುತ್ತಾ. ನವರಾತ್ರಿಯಲ್ಲಿ ಪಡಸಾಲೆಯಲ್ಲಿ, ಸರಸ್ವತಿಯ ಪಟದ ಮುಂದೆ. ಚಳಿ ಬಿದ್ದ ಮೇಲೆ ಅಂಗಳದಲ್ಲಿ, ಎಳೆಬಿಸಿಲಿಗೆ ಬೆನ್ನು ಕೊಟ್ಟು.

ಆ ವರ್ಷ ಯುಗಾದಿಗೆ ಪುಸ್ತಕದ ಕೋಣೆ ಶಿಷ್ಯ ಕೊಟ್ರೇಶನ ಪಾಲಿಗೆ ಬಂತು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ವರ್ಷಗಟ್ಟಲೆ ಆ ಕೋಣೆಯ ಬಾಗಿಲನ್ನೇ ನೋಡಿದವನು ಅವನು. ಅವನಿಗಾದ ಸಂತೋಷ ಅಷ್ಟಿಷ್ಟಲ್ಲ.

"ಇನ್ನು ಬೀಗದ ಕೈ ನನ್ನದೇ ಅಲ್ವಾ ಗುರುಗಳೇ?"

"ಸದ್ಯಕ್ಕೆ ನನ್ನ ಸೊಂಟದಲ್ಲೇ ಇರಲಿ. ಬೆಳಿಗ್ಗೆ ಇಸ್ಕೊ, ಸಂಜೆ ಕೊಡು. ನವರಾತ್ರಿಗೆ ನಿನಗೊಂದು ಪ್ರಶ್ನೆ ಕೇಳ್ತೀನಿ. ಉತ್ತರ ಸರಿಯಾದರೆ ಕೈ ನಿನ್ನದು."

"ತಪ್ಪಿದರೆ?"

"ಬದನೆಕಾಯಿ ಹೆಚ್ಚೋಕೆ ಯಾರಾದರೂ ಬೇಕಲ್ಲಪ್ಪ."

ಅಷ್ಟೇ ಸಾಕಾಯಿತು. ಕೊಟ್ರೇಶ ಹಗಲೂ ಇರುಳೂ ಒಂದು ಮಾಡಿದ. ಪುಸ್ತಕಗಳ ಧೂಳು ಹೊಡೆದ, ರಟ್ಟು ಹಾಕಿದ, ಎತ್ತರ ನೋಡಿ ಜೋಡಿಸಿದ, ಸಂದಿಗೊಂದು ನುಸಿಗುಳಿಗೆ ಇಟ್ಟ. ಯಾವ ಪುಸ್ತಕ ಯಾವ ಸಾಲಿನಲ್ಲಿದೆ ಅಂತ ಕಣ್ಣು ಮುಚ್ಚಿಕೊಂಡು ಹೇಳುವಷ್ಟು ಬಾಯಿಪಾಠ ಮಾಡಿದ. ಗುರುಗಳು ಕೇಳುವ ಪ್ರಶ್ನೆ ಇನ್ನೇನಿದ್ದೀತು?

ಬೇಸಿಗೆಯ ಓದು ಬಂತು. ಮಕ್ಕಳೆಲ್ಲ ಹೋ ಅಂತ ಹೊಳೆಗೆ ಓಡಿ ಬಂದರು. ಎಲ್ಲರ ಕೈಯಲ್ಲೂ ಮಾವಿನಕಾಯಿ, ಉಪ್ಪು ಖಾರ.

"ಅಯ್ಯಯ್ಯೋ! ಆ ಕೈಯಲ್ಲಿ ಪುಸ್ತಕ ಮುಟ್ತೀರಾ? ತೊಳ್ಕೊಂಡು ಬನ್ನಿ!" ಅಂದ ಕೊಟ್ರೇಶ.

ತೊಳೆದುಕೊಂಡು ಬಂದರು.

"ಒದ್ದೆ ಕೈಯಲ್ಲಿ ಮುಟ್ತೀರಾ? ಒಣಗಿಸ್ಕೊಳ್ಳಿ!"

ಒಣಗಿಸಿಕೊಂಡರು.

"ಮರಳು ಮೆತ್ತಿದೆಯಲ್ರೋ! ಹೋಗಿ, ಮತ್ತೆ ತೊಳ್ಕೊಳ್ಳಿ!"

ಇದರಲ್ಲೇ ಹೊತ್ತು ಮುಳುಗಿತು. ಕೊನೆಗೆ ಅವನು ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಹಿಡಿದು ದೂರದಿಂದಲೇ ತೋರಿಸಿ, ಹಾಗೇ ಒಳಗೆ ಒಯ್ದು ಇಟ್ಟ. ಒಂದು ಹಾಳೆಗೂ ಕಲೆಯಾಗಿರಲಿಲ್ಲ.

ಮರುದಿನ ಊಟದ ಹೊತ್ತಿಗೆ ಗುರುಗಳು ತಾವೇ ಕೊಟ್ರೇಶನ ತಟ್ಟೆಗೆ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಬಡಿಸಿ, ಆ ತಟ್ಟೆಯನ್ನು ಒಯ್ದು ಎತ್ತರದ ಗೂಡಿನಲ್ಲಿಟ್ಟರು.

"ಅಲ್ಲಿಂದಲೇ ನೋಡು ಕೊಟ್ರೇಶ. ರೊಟ್ಟಿ ಎಷ್ಟು ಚೆನ್ನಾಗಿ ಉಬ್ಬಿದೆ."

ಕೊಟ್ರೇಶ ನೋಡಿದ. ಭಕ್ತಿಯಿಂದ ಕೈ ಮುಗಿದ. ಆಮೇಲೆ ಅಡುಗೆಯವರಿಗೆ ಹೇಳಿದ, "ಗುರುಗಳು ಇವತ್ತು ನನಗೆ ಉಪವಾಸ ಹೇಳಿದ್ದಾರೆ ರೀ." ಒಂದು ಚೊಂಬು ನೀರು ಕುಡಿದು ಎದ್ದು ಹೋದ.

ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಅಂತಾರಲ್ಲ, ಅದೇ.

ಮಳೆಯೂ ಬಂತು. ಮಕ್ಕಳು ಹುರಿದ ಜೋಳ ಕಟ್ಟಿಕೊಂಡು, ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬಂದು ನಿಂತರು. ಪುಸ್ತಕದ ಕೋಣೆಯ ಕಿಟಕಿ ಬಾಗಿಲು ಎಲ್ಲ ಭದ್ರವಾಗಿ ಹಾಕಿತ್ತು.

"ತೇವಕ್ಕೆ ಹಾಳೆ ಮುದುಡುತ್ತವೆ. ಮಳೆ ನಿಲ್ಲಲಿ, ಆಮೇಲೆ ಓದೋಣ," ಅಂದ ಕೊಟ್ರೇಶ.

"ಮಳೆ ನಿಂತ ಮೇಲೆ ಮಳೆಗಾಲದ ಓದು ಹೆಂಗಾಗ್ತೈತಣ್ಣಾ?"

ಕೇಳಿದವಳು ಕೆಂಚಿ. ಮೂರನೇ ಇಯತ್ತೆ. ಮುಂದಿನ ಎರಡು ಹಲ್ಲು ಬಿದ್ದಿದ್ದವು, ಆದರೆ ಮಾತು ಒಂದೂ ಬೀಳುತ್ತಿರಲಿಲ್ಲ.

"ದೊಡ್ಡ ಮಾತಾಡಬೇಡ, ನಡಿ."

ಕೆಂಚಿ ನಡೆದಳು. ಆದರೆ ಸುಮ್ಮನೆ ನಡೆಯಲಿಲ್ಲ. ಕೊಟ್ರೇಶ ಬಾಗಿಲು ತೆಗೆದು ಸೋರುವ ಹಂಚು ನೋಡಲು ಅಟ್ಟ ಹತ್ತಿದಾಗ ಒಳಗೆ ನುಗ್ಗಿ, ಕೈಗೆ ಸಿಕ್ಕ ಒಂದು ಪುಸ್ತಕವನ್ನು ಕೊಪ್ಪೆಯೊಳಗೆ ಅಡಗಿಸಿಕೊಂಡು ಹೋಗಿಬಿಟ್ಟಳು. ಪುಸ್ತಕದ ಹೆಸರು 'ಗಂಟೆ ನುಂಗಿದ ಎಮ್ಮೆ'.

ಸಾಲಿನಲ್ಲಿ ಒಂದು ಸಂದಿ ಕಂಡದ್ದೇ ತಡ, ಕೊಟ್ರೇಶ ಊರೆಲ್ಲ ಹುಡುಕಿದ. ಕೊನೆಗೆ ಹೊಂಗೆ ಮರದ ಕೆಳಗೆ ಓದುತ್ತಾ ಕೂತ ಕೆಂಚಿ ಸಿಕ್ಕಿಬಿದ್ದಳು. ಕೊಪ್ಪೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪುಸ್ತಕ ನೆನೆದು ಉಬ್ಬಿತ್ತು. ಕೆಂಚಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ.

"ತಾರೇ ಇಲ್ಲಿ!"

"ಅಣ್ಣಾ, ಇನ್ನು ಎರಡೇ ಹಾಳೆ!"

"ಅರ್ಧ ಹಾಳೆಯೂ ಇಲ್ಲ."

"ಎಮ್ಮೆ ಬಾಯಿ ತೆಗೆದೈತಣ್ಣಾ!"

"ನೀನು ಬಾಯಿ ಮುಚ್ಚು. ಇನ್ನು ಪುಸ್ತಕದ ಕೋಣೆ ಕಡೆ ತಲೆ ಹಾಕಿ ಮಲಗಬೇಡ."

ಕಿತ್ತುಕೊಂಡು ಬಂದ. ಕೆಂಚಿ ಮರದ ಕೆಳಗೆ ನಿಂತು ಜೋರಾಗಿ ಅತ್ತಳು.

ಕೊಟ್ರೇಶನಿಗೂ ಅಳು ಬರುವಂತಾಗಿತ್ತು, ಪುಸ್ತಕ ನೋಡಿ. ಒಂದೊಂದೇ ಹಾಳೆ ಬಿಡಿಸಿ, ಬಟ್ಟೆ ಹಾಸಿ, ಬಿಸಿ ಚೊಂಬಿನಿಂದ ಒತ್ತಿ ಒಣಗಿಸಿದ. ಗುರುಗಳು ಬಾಗಿಲಲ್ಲಿ ಬಂದು ನಿಂತರು.

"ಮೊದಲಿನಿಂದ ಕೊನೆಯವರೆಗೆ ಎಲ್ಲ ಹಾಳೆ ತಿರುವಿದೆಯಾ ಕೊಟ್ರೇಶ?"

"ಒಂದೂ ಬಿಟ್ಟಿಲ್ಲ ಗುರುಗಳೇ."

"ಹೇಗಿದೆ?"

"ಬೆನ್ನು ಬಿಟ್ಟುಕೊಂಡಿದೆ. ಹೊಲಿದರೆ ಸರಿಹೋಗುತ್ತೆ."

ಗುರುಗಳು ಅವನ ಮುಖವನ್ನೊಮ್ಮೆ, ಚೊಂಬನ್ನೊಮ್ಮೆ ನೋಡಿದರು. ನಕ್ಕು ಹೊರಟುಹೋದರು.

ಆಮೇಲೆ ಶಾಲೆಯ ಅಂಗಳದಲ್ಲಿ ಒಂದು ವಿಚಿತ್ರ ಆಟ ಶುರುವಾಯಿತು. ಒಬ್ಬ ಹುಡುಗ ಹೊಟ್ಟೆಗೆ ತಾಮ್ರದ ತಂಬಿಗೆ ಕಟ್ಟಿಕೊಂಡು ಅಂಬೆಗಾಲಿನಲ್ಲಿ ನಡೆಯುವುದು. ತಂಬಿಗೆ ಢಣ್ ಅಂದರೆ ಉಳಿದವರು ಓಡಿ ಬಂದು ಸಾಲಾಗಿ ಕೂತು ಗಬಗಬ ಊಟ ಮಾಡಿದ ಹಾಗೆ ಮಾಡುವುದು. ಮತ್ತೆ ಢಣ್ ಅಂದರೆ ಬಿದ್ದು ಗೊರಕೆ ಹೊಡೆಯುವುದು.

"ಓದೋದು ಬಿಟ್ಟು ಎಂಥ ಕೋತಿ ಆಟ ರೋ ಇದು!" ಅಂತ ಕೊಟ್ರೇಶ ಗದರಿದ. ಮಕ್ಕಳು ಕಿಸಕ್ಕನೆ ನಕ್ಕು ಹಿತ್ತಿಲ ಕಡೆ ಓಡಿದರು.

ನವರಾತ್ರಿ ಬಂತು. ನವಮಿಯ ದಿನ ಪುಸ್ತಕಗಳನ್ನು ಪೂಜೆಗೆ ಕೂರಿಸಿದರೆ ಮಾರನೆಯ ದಿನ ಪೂಜೆ ಇಳಿಸುವವರೆಗೆ ಯಾರೂ ಓದುವಂತಿಲ್ಲ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಕ್ಕಳಿಗಂತೂ ಬಹಳ ಚೆನ್ನಾಗಿ ಗೊತ್ತು.

ಕೊಟ್ರೇಶ ಪಡಸಾಲೆಯಲ್ಲಿ ಸರಸ್ವತಿಯ ಪಟದ ಮುಂದೆ ಪುಸ್ತಕಗಳನ್ನು ಗೋಪುರದ ಹಾಗೆ ಪೇರಿಸಿದ. ಹೊಲಿಗೆ ಬಿದ್ದ ಎಮ್ಮೆಯ ಪುಸ್ತಕ ಯಾರ ಕಣ್ಣಿಗೂ ಬೀಳದಿರಲಿ ಅಂತ ಎಲ್ಲಕ್ಕಿಂತ ಕೆಳಗಿಟ್ಟ. ಮೇಲೆ ರೇಷ್ಮೆ ವಸ್ತ್ರ ಹೊದಿಸಿ ಗಂಟು ಹಾಕಿದ. ಅರಿಶಿನ, ಕುಂಕುಮ, ಚೆಂಡುಹೂವು ಎಲ್ಲ ಆಯಿತು. ನೋಡಿ ನೋಡಿ ಅವನಿಗೇ ಕಣ್ತುಂಬಿ ಬಂತು. ಬೀಗದ ಕೈ ಸಿಕ್ಕ ಹಾಗೇ ಅಂದುಕೊಂಡ.

ಸಂಜೆ ಗುರುಗಳು ಬಂದರು. ಹಿಂದೆ ಮಕ್ಕಳ ದಂಡು. ಕೆಂಚಿಯೂ ಬಂದಿದ್ದಳು, ಆದರೆ ಹೊಸ್ತಿಲ ಆಚೆಗೇ ನಿಂತಳು.

"ಕೊಟ್ರೇಶ, ನವರಾತ್ರಿಯ ಓದು ಶುರು ಮಾಡು."

ಕೊಟ್ರೇಶ ಪೇರಿಸಿದ ಪುಸ್ತಕಗಳಿಗೆ ಅಡ್ಡ ಬಂದ.

"ಗುರುಗಳೇ, ಇವತ್ತು ನವಮಿ! ಪುಸ್ತಕ ಪೂಜೆಗೆ ಕೂತಿವೆ. ಮುಟ್ಟೋ ಹಾಗಿಲ್ಲ. ಓದು ನಾಳೆ ಅಲ್ವಾ?"

"ಮುಟ್ಟಬೇಡ. ಮುಟ್ಟದೆಯೇ ಒಂದು ಕಥೆ ಹೇಳು."

ಕೊಟ್ರೇಶ ಬಾಯಿ ತೆರೆದ. ಕಪಾಟಿನ ಸಾಲುಗಳು ನೆನಪಿಗೆ ಬಂದವು. ರಟ್ಟಿನ ಬಣ್ಣಗಳು ಬಂದವು. ಕಥೆ ಮಾತ್ರ ಒಂದೂ ಬರಲಿಲ್ಲ. ಅಷ್ಟು ಪುಸ್ತಕ ಒರೆಸಿದವನು ಒಂದನ್ನೂ ಓದಿರಲಿಲ್ಲ.

ಗುರುಗಳು ಮಕ್ಕಳ ಕಡೆ ತಿರುಗಿದರು.

"ನಿಮಗೆ ಯಾರಿಗಾದರೂ ಬರುತ್ತೇನ್ರಪ್ಪ?"

ಮಕ್ಕಳೆಲ್ಲ ಒಟ್ಟಿಗೆ ಹೊಸ್ತಿಲ ಕಡೆ ನೋಡಿದರು.

"ಕೆಂಚಿಗೆ ಬರ್ತೈತಜ್ಜಯ್ಯ!" ಅಂತ ಕೂಗಿದ ದಾದಾಪೀರ. ಆಗಲೇ ಅವನು ಹೊಟ್ಟೆಗೆ ತಂಬಿಗೆ ಕಟ್ಟಿಕೊಳ್ಳುತ್ತಿದ್ದ.

ಕೆಂಚಿ ಹೊಸ್ತಿಲ ಆಚೆಯಿಂದಲೇ ಶುರು ಮಾಡಿದಳು.

"ಒಂದೂರಲ್ಲಿ ಒಂದು ದೊಡ್ಡ ಗಂಟೆ. ಅದು ಹೊಡೆದರೆ ಊರು ಏಳಬೇಕು, ಹೊಡೆದರೆ ಉಣ್ಣಬೇಕು, ಹೊಡೆದರೆ ಮಲಗಬೇಕು. ಒಂದಿನ ಒಬ್ಬ ಮುದುಕಿಯ ಎಮ್ಮೆ ಆ ಗಂಟೆನ ನುಂಗಿಬಿಡ್ತು!"

ದಾದಾಪೀರ ಅಂಬೆಗಾಲಿನಲ್ಲಿ ಹೊರಟ. ಢಣ್! ಮಕ್ಕಳೆಲ್ಲ ಓಡಿ ಬಂದು ಸಾಲಾಗಿ ಊಟಕ್ಕೆ ಕೂತರು. ಢಣ್! ಎಲ್ಲರೂ ಬಿದ್ದು ಗೊರಕೆ ಹೊಡೆದರು.

"ಎಮ್ಮೆ ಮೈ ತುರಿಸ್ಕೊಂತು," ಅಂದಳು ಕೆಂಚಿ. ಢಣ್!

"ಶಾಲೆ ಬಿಡ್ತು!" ಅಂತ ಮಕ್ಕಳೆಲ್ಲ ಕುಣಿದರು.

ಗುರುಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಡುಗೆಯವರು ಸೌಟು ಹಿಡಿದೇ ಬಂದು ನಿಂತರು. ಕೊಟ್ರೇಶನಿಗೆ ಅಂಗಳದ ಕೋತಿ ಆಟ ಈಗ ಅರ್ಥವಾಯಿತು. ನಾಚಿಕೆಯಾಯಿತು. ಆದರೆ ನಗು ತಡೆಯಲು ಆಗಲಿಲ್ಲ. ಮೊದಲು ಮೂಗಿನಲ್ಲಿ ನಕ್ಕ, ಆಮೇಲೆ ಬಾಯಿ ಬಿಟ್ಟು ನಕ್ಕ, ಕೊನೆಗೆ ನೆಲದ ಮೇಲೆ ಮಕ್ಕಳ ನಡುವೆ ಕೂತೇಬಿಟ್ಟ.

"ರಾಜನಿಗೆ ಸಿಟ್ಟು ಬಂತು," ಕೆಂಚಿಯ ದನಿ ಇಳಿಯಿತು. "ಬೆಳಗಾಗೋದರೊಳಗೆ ಗಂಟೆ ಹೊರಗೆ ಬರಬೇಕು. ಬರಲಿಲ್ಲ ಅಂದ್ರೆ ಎಮ್ಮೆನೇ ಗೋಪುರಕ್ಕೆ ನೇತುಹಾಕಿ ಬಾರಿಸ್ತೀನಿ ಅಂದ. ಮುದುಕಿ ಅತ್ತಳು. ಎಮ್ಮೆ ಕೊರಳು ತಬ್ಕೊಂಡು ಅದರ ಕಿವೀಲಿ ಏನೋ ಹೇಳಿದಳು. ಎಮ್ಮೆ ಇಷ್ಟಗಲ ಬಾಯಿ ತೆಗೀತು..."

ಕೆಂಚಿ ಅಲ್ಲಿಗೇ ನಿಲ್ಲಿಸಿದಳು.

"ಆಮೇಲೆ?" ಅಂದ ಕೊಟ್ರೇಶ.

"ಆಮೇಲೆ ಗೊತ್ತಿಲ್ಲ. ನೀನು ಕಿತ್ಕೊಂಡ್ಯಲ್ಲಣ್ಣಾ."

ಕೊಟ್ರೇಶನಿಗೆ ಯಾರೋ ಕಪಾಳಕ್ಕೆ ಹೊಡೆದ ಹಾಗಾಯಿತು.

"ಗಂಟೆ ಹೊರಗೆ ಬಂತು!" ಅಂದಿತು ಒಂದು ಮಗು. "ಇಲ್ಲ, ಎಮ್ಮೆ ರಾಜನ್ನೂ ನುಂಗ್ತು!" ಅಂದ ದಾದಾಪೀರ. "ಮುದುಕಿ ಕಿವೀಲಿ ಏನು ಹೇಳಿದಳು, ಅದು ಹೇಳ್ರೋ ಮೊದಲು!" ಅಂತ ಅಡುಗೆಯವರು ಸೌಟು ಬೀಸಿದರು. ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಗಲಾಟೆ.

ಗುರುಗಳು ಕೈ ಎತ್ತಿದರು.

"ಕೊಟ್ರೇಶ, ಈಗ ನನ್ನ ಪ್ರಶ್ನೆ. ಎಮ್ಮೆ ಬಾಯಿ ತೆಗೀತು. ಆಮೇಲೆ ಏನಾಯ್ತು?"

ಕೊಟ್ರೇಶ ತಲೆ ತಗ್ಗಿಸಿದ. ಆ ಎರಡು ಹಾಳೆಗಳನ್ನು ಅವನು ತನ್ನ ಕೈಯಾರೆ ಒಣಗಿಸಿದ್ದ.

"ಗೊತ್ತಿಲ್ಲ ಗುರುಗಳೇ."

"ಹಾಗಾದರೆ ಬೀಗದ ಕೈ?"

"ಬೇಡ ಗುರುಗಳೇ, ನೀವೇ ಇಟ್ಕೊಳ್ಳಿ. ನಾಳೆಯಿಂದ ಬದನೆಕಾಯಿ ಹೆಚ್ತೀನಿ. ಆದರೆ ಇವತ್ತು ಆ ಎಮ್ಮೆ ಏನಾಯ್ತು ಅಂತ ಗೊತ್ತಾಗದೇ ಇದ್ದರೆ ನನಗೆ ಅನ್ನ ಇಳಿಯೋದಿಲ್ಲ!"

ಗುರುಗಳು ಸೊಂಟದಿಂದ ಬೀಗದ ಕೈ ಬಿಚ್ಚಿದರು. ಅವನ ಅಂಗೈಯಲ್ಲಿಟ್ಟರು.

ಕೊಟ್ರೇಶ ಅದನ್ನು ನೋಡಲೂ ಇಲ್ಲ. ಪುಸ್ತಕ ತೆಗೆಯೋಕೆ ಎರಡೂ ಕೈ ಬೇಕಾಗಿತ್ತು ಅಂತ ದಾದಾಪೀರನ ತಂಬಿಗೆಯೊಳಗೆ ಹಾಕಿದ. ಢಣ್ ಅಂದಿತು.

"ಬಾರೇ ಕೆಂಚಿ ಒಳಗೆ! ಹೊಸ್ತಿಲಾಚೆ ಯಾಕೆ ನಿಂತಿದ್ದೀಯ? ನಾನು ಮಾಡಿದ್ದು ತಪ್ಪಾಯ್ತು ಕಣವ್ವ. ಎಲ್ಲಿಗೆ ನಿಂತಿತ್ತು, ಬಂದು ತೋರಿಸು."

ಕೆಂಚಿ ಒಂದೇ ನೆಗೆತಕ್ಕೆ ಒಳಗೆ ಬಂದಳು. ಅವಳ ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಕೊಟ್ರೇಶನಿಗೆ ಅದು ಕಾಣಲಿಲ್ಲ.

ಅವನು ಸರಸ್ವತಿಯ ಮುಂದೆ ಮಂಡಿಯೂರಿ ಕೂತ. ಚೆಂಡುಹೂವು ಸರಿಸಿದ. ರೇಷ್ಮೆಯ ಗಂಟಿಗೆ ಬೆರಳಿಟ್ಟವನು ಅಲ್ಲೇ ಕೈ ತಡೆದ. ನವಮಿ. ಪೂಜೆ. ತಾನೇ ಹಾಕಿದ ಗಂಟು.

ಕೊಟ್ರೇಶ ಹೆದರುತ್ತಾ ತಿರುಗಿ ನೋಡಿದ.

"ಗುರುಗಳೇ... ಬಿಚ್ಚಲಾ?"

ಗುರುಗಳು ಮಕ್ಕಳ ಸಾಲಿನಲ್ಲಿ ಜಾಗ ಮಾಡಿಕೊಂಡು ಕೂತರು.

"ಬಿಚ್ಚೋ. ಗಟ್ಟಿಯಾಗಿ ಓದು. ಮುಚ್ಚಿದ ಪುಸ್ತಕ ಮುಂದಿಟ್ಟುಕೊಂಡು ಆ ತಾಯಿ ಬೆಳಿಗ್ಗೆಯಿಂದ ಕೂತಿದ್ದಾಳೆ, ಪಾಪ, ಆಕೆಗೂ ಕೇಳಿಸಲಿ."