ಹೊಳೆಯ ಅಬ್ಬರದಲ್ಲಿ ಎಸ್.ಎನ್.ಆರ್.

"ದೊಡ್ಡ ನೆರಿ ಬಂದ ವರ್ಷ, ಆಚೆ ದಂಡ್ಯಾಗ ತಂತಿ ಮಾಸ್ತರ ಕಟ್ಟಕಡ ಅಂತ ಮದುವಿ ಸುದ್ದಿ ಬಡೀತಿದ್ದ. ನಾ ಈಚೆ ದಂಡ್ಯಾಗ ಕುಂತು, ಆ ನೀರಿನ ಅಬ್ಬರದಾಗ ಒಂದೊಂದು ಅಕ್ಷರ ಬಿಡಿಸಿಕೊಂಡೆ. ತಂತಿ ಕಾಗದ ಊರು ಮುಟ್ಟೂದರೊಳಗ ಮದುವಿ ಚಪ್ಪರ ಎದ್ದಿತ್ತು!"

"ಯಾರು ನೋಡ್ಯಾರ್ರಿ ಅಜ್ಜಾರ?" ಎಂದಳು ಶಿವಲೀಲಾ.

"ನೋಡಿದವರೆಲ್ಲ ಹೋಗಿಬಿಟ್ರು. ಮಾಸ್ತರನೂ ಹೋದ, ಮದುಮಗನೂ ಹೋದ. ನನ್ನ ಕಿವಿ ಮಾತ್ರ ಇನ್ನೂ ಹಂಗ ಐತಿ."

ತಿಪ್ಪಣ್ಣಜ್ಜ ಶಾಲೆಯ ಕಟ್ಟೆ ಹತ್ತಿದವನಲ್ಲ. ಜೀವಮಾನವೆಲ್ಲ ತಂತಿ ಕಂಬ ಹತ್ತಿ, ಈಗ ಹೊಳೆದಂಡೆಯ ಆಶ್ರಮದಲ್ಲಿ ಕೆಟ್ಟ ರೇಡಿಯೋಗಳ ಜೊತೆ ಕೂತಿದ್ದ. ಎಲೆಕ್ಟ್ರಾನಿಕ್ಸ್ ಓದಿದ ಶಿವಲೀಲಾ ಅವನ ಬಳಿ ಕಲಿಯಲು ಬಂದದ್ದೇ ಒಂದು ಸೋಜಿಗ.

ಆದರೆ ಅವಳಿಗೆ ಬೇರೆ ದಾರಿ ಇರಲಿಲ್ಲ. ವೈರ್‌ಲೆಸ್ ಕೇಂದ್ರದ ಕೆಲಸಕ್ಕೆ ಎರಡು ಸಲ ಸಂದರ್ಶನಕ್ಕೆ ಹೋಗಿ ಎರಡು ಸಲವೂ ಬಿದ್ದಿದ್ದಳು. ನಾಳಿದ್ದು ಮೂರನೆಯದು. ಅದೂ ತಪ್ಪಿದರೆ ವಯಸ್ಸು ಮೀರುತ್ತಿತ್ತು.

"ಎ.ಎಂ. ಅಂದ್ರ ಆಂಪ್ಲಿಟ್ಯೂಡ್ ಮಾಡ್ಯುಲೇಶನ್. ಎಫ್.ಎಂ. ಅಂದ್ರ ಫ್ರೀಕ್ವೆನ್ಸಿ ಮಾಡ್ಯುಲೇಶನ್. ಇಂಥವು ಮುನ್ನೂರು ಬಾಯಿಪಾಠ ಅದಾವ್ರಿ. ಸಂದರ್ಶನದಾಗ ಎಸ್.ಎನ್.ಆರ್. ಕೇಳಿದ್ರು, ಸಿಗ್ನಲ್ ಟು ನಾಯ್ಸ್ ರೇಶಿಯೋ ಅಂದೆ. ಹಂಗಂದ್ರೇನು ಅಂದ್ರು. ಅದನ್ನs ಮತ್ತೊಮ್ಮೆ ಒಪ್ಪಿಸಿದೆ."

ಅಜ್ಜ ಎದ್ದ. ನೀರು ಧುಮುಕುವ ಒಡ್ಡಿನ ಬಳಿ ಅವಳನ್ನು ಬಂಡೆಯ ಮೇಲೆ ಕೂರಿಸಿ, ತಾನು ಇಪ್ಪತ್ತು ಹೆಜ್ಜೆ ದೂರ ನಿಂತು ಏನೋ ಹೇಳಿದ.

"ಏನ್ರಿ?"

ಅಜ್ಜ ದನಿ ಏರಿಸಲಿಲ್ಲ. ಅಷ್ಟೇ ಮೆತ್ತಗೆ ಮತ್ತೆ ಹೇಳಿದ. ಅವಳು ಹತ್ತು ಹೆಜ್ಜೆ ಹತ್ತಿರ ಬಂದಳು. ಕೇಳಲಿಲ್ಲ. ಇನ್ನೂ ಹತ್ತಿರ ಬಂದಳು.

"ಹಸಿವಾಗೇತಿ, ರೊಟ್ಟಿ ತಾ ಅನ್ನಾಕತ್ತೇನಿ."

ಅವಳು ನಕ್ಕಳು.

"ಹೊಳಿ ಸುಮ್ಮನಾತೇನು?"

"ಇಲ್ಲರಿ."

"ನಾ ಒದರಿದೆನೇನು?"

"ಇಲ್ಲರಿ. ಹತ್ರ ಬಂದಾಗ ಹೊಳಿ ಸದ್ದು ಅಷ್ಟs ಇತ್ತು, ಅದರ ಮುಂದ ನಿಮ್ಮ ದನಿ ದೊಡ್ಡದಾತು…" ಎನ್ನುತ್ತಲೇ ಬಂಡೆಗೆ ಕೈ ಬಡಿದಳು. "ಸಿಗ್ನಲ್ ಅಂದ್ರ ನಿಮ್ಮ ದನಿ, ನಾಯ್ಸ್ ಅಂದ್ರ ಹೊಳಿ!"

"ಹಂಗಾದ್ರ ಎ.ಜಿ.ಸಿ. ಅಂದ್ರೇನ್ರಿ? ಆಟೊಮ್ಯಾಟಿಕ್ ಗೇನ್ ಕಂಟ್ರೋಲ್?"

ಅಜ್ಜ ಆಶ್ರಮಕ್ಕೆ ಮರಳಿ ಅಲ್ಲಿಯ ಬೆಕ್ಕನ್ನು ಬಿಸಿಲಿಗೆ ಎತ್ತಿ ಹಿಡಿದ. ಅದರ ಕಣ್ಣಿನ ಪಾಪೆ ಗೀಟಿನಷ್ಟಾಯಿತು. ಕೋಣೆಯ ಕತ್ತಲಿಗೆ ಒಯ್ದ. ಪಾಪೆ ಗುಂಡಗಾಯಿತು.

"ಬಿಸಿಲು ಜಾಸ್ತಿಯಾದ್ರ ಕಣ್ಣು ಸಣ್ಣದು, ಕಮ್ಮಿಯಾದ್ರ ದೊಡ್ಡದು. ಯಾರರ ಅದಕ್ಕ ಹೇಳಿಕೊಟ್ಟಾರೇನು? ರೇಡಿಯೋನೂ ದನಿನ ಹಿಂಗs ತಾನs ಏರಿಸಿ ಇಳಿಸ್ತೈತಿ."

ಆ ದಿನ ಅವಳು ಪುಸ್ತಕ ತೆರೆಯಲಿಲ್ಲ.

ನಾಲ್ಕನೆಯ ದಿನ ಓಡೋಡುತ್ತ ಬಂದು ಅಜ್ಜನ ಪಾದಕ್ಕೆ ಹಣೆ ಹಚ್ಚಿದಳು. ಅಳು ಒತ್ತರಿಸಿ ಬಂತು.

"ಅಜ್ಜಾರ, ಕೆಲಸ ಸಿಕ್ತರಿ. ನಿಮ್ಮ ಉಪಕಾರ ಸಾಯೂತನಕ ಮರಿಯೂದಿಲ್ಲ."

ಅಜ್ಜ ಅವಳ ತಲೆ ಸವರಿದ. "ಹೋಗಲಿ ಬಿಡ ತಂಗಿ. ಮೂರು ಸಲ ಬಿದ್ದರ ಜಗತ್ತೇನು ಮುಳುಗೂದಿಲ್ಲ. ಇಲ್ಲೇ ಇರು, ರೇಡಿಯೋ ರಿಪೇರಿ ಕಲಿಸ್ತೇನಿ."

ಶಿವಲೀಲಾ ದಂಗಾಗಿ ತಲೆ ಎತ್ತಿದಳು. "ಬಿದ್ದಿಲ್ಲರಿ! ಕೆಲಸ ಸಿಕ್ತು ಅಂದೆ!"

ಅಜ್ಜನ ಮುಖ ಅರಳಿತು. "ಹೌದs! ಶಾಬಾಸ್!"

ಅವಳಿಗೇಕೋ ಅನುಮಾನ. ಬೆನ್ನು ತಿರುಗಿಸಿ ನಿಂತು ಗಟ್ಟಿಯಾಗಿ ಹೇಳಿದಳು: "ಅಜ್ಜಾರ, ನಿಮ್ಮ ಧೋತರಕ್ಕ ಬೆಂಕಿ ಹತ್ತೇತಿ!"

ತಿರುಗಿ ನೋಡಿದರೆ ಅಜ್ಜ ಹಾಯಾಗಿ ನಗುತ್ತ ಕೂತಿದ್ದ.

"ನಿಮಗ ಕಿವಿ ಕೇಳ್ಸೂದೇ ಇಲ್ಲ! ಇಷ್ಟು ದಿನ ನನ್ನ ತುಟಿ ನೋಡಿ ಉತ್ತರ ಕೊಡ್ತಿದ್ರಿ! ಎಂಥಾ ಸುಳ್ಳುಗಾರ ಅದೀರಿ ಅಜ್ಜಾರ!"

ಅಜ್ಜ ಹೆಗಲು ಕುಣಿಸಿದ.

"ಕಿವಿ ಇಲ್ಲಂದ್ರೇನಾತವಾ? ನಿನ್ನ ಸುದ್ದಿ ಮುಟ್ಟಿತಲ್ಲ."