ಕಂಬಳಿ ಹೊದ್ದವನೂ ಕೆಸರು ಹೊದ್ದ ಆಮೆಯೂ

ಈ ಕಥೆಯನ್ನು ಮೂರು ಊರಲ್ಲಿ ಮೂರು ಥರ ಹೇಳಿದ್ದೇನೆ. ಇದು ನಾಲ್ಕನೆಯದು, ಪೂರ್ತಿ ನಿಜ.

ಅಜ್ಜಯ್ಯನವರ ಆಶ್ರಮದ ಹಿಂದೆ ಕುರುಚಲು ಗುಡ್ಡ. ಮುಂದೆ ರಸ್ತೆ, ರಸ್ತೆಯಾಚೆ ಕೆರೆ.

ಒಂದು ಬೆಳಿಗ್ಗೆ ಶಿಷ್ಯ ಗವಿಯಪ್ಪ ರಸ್ತೆಯಿಂದ ಓಡುತ್ತ ಬಂದ. ಎರಡೂ ಕೈಯಲ್ಲಿ, ಮಂಗಳಾರತಿ ತಟ್ಟೆ ಹಿಡಿದ ಹಾಗೆ, ಒಂದು ಆಮೆ. ಅದರ ಬೆನ್ನಿನ ಮೇಲೆ ಕೆಂಪು ಕೆಸರು ಒಣಗಿ ಕಲ್ಲಾಗಿತ್ತು.

“ಅಜ್ಜಯ್ಯಾ, ರಸ್ತೆ ನಡುವೆ ಕೂತಿತ್ತು! ಟ್ರ್ಯಾಕ್ಟರ್ ಚಕ್ರ ಒಂದು ಗೇಣು ಈಚೆ ಬಂದಿದ್ದರೆ ಮುಗೀತಿತ್ತು. ಆಶೀರ್ವಾದ ಮಾಡಿ, ಕೆರೆಗೆ ಬಿಟ್ಟು ಬರ್ತೀನಿ.”

“ಯಾವ ಆಮೆ?”

“ಆಮೆ, ಅಜ್ಜಯ್ಯ.”

“ಅದು ನನಗೂ ಕಾಣ್ತದೆ. ನೀರಿನದೋ, ನೆಲದ್ದೋ?”

ಗವಿಯಪ್ಪ ನಕ್ಕುಬಿಟ್ಟ. “ಆಮೆ ಅಂದಮೇಲೆ ನೀರಲ್ವಾ? ಸಮುದ್ರದೊಳಗೆ ಮಂದರ ಪರ್ವತ ಹೊತ್ತದ್ದು ಯಾರು?”

“ವಿಷ್ಣು. ಇದು ಇನ್ನೂ ಏನೂ ಹೊತ್ತ ಹಾಗಿಲ್ಲ.”

ಅಜ್ಜಯ್ಯ ಎಲೆಯಡಿಕೆ ತಟ್ಟೆಯನ್ನು ಬದಿಗೆ ಸರಿಸಿದರು.

“ನಿನ್ನ ವಯಸ್ಸಿನಲ್ಲಿ ನಾನೂ ಒಂದನ್ನ ಕೆರೆಗೆ ಬಿಟ್ಟಿದ್ದೆ. ಕೈಮುಗಿದೇ ಬಿಟ್ಟಿದ್ದೆ.”

“ಆಮೇಲೆ?”

“ಮುಳುಗಿತು. ಮೇಲೆ ಬರಲಿಲ್ಲ. ಅದು ನೆಲದ್ದು.”

ಗವಿಯಪ್ಪ ಕೈಯಲ್ಲಿದ್ದುದನ್ನು ಎದೆಗೆ ಒತ್ತಿಕೊಂಡ. “ಹಾಗಾದರೆ ಗುಡ್ಡಕ್ಕೇ ಬಿಡ್ತೀನಿ.”

“ನೀರಿನದಾಗಿದ್ದರೆ? ಈ ಬಿಸಿಲಿಗೆ ಗುಡ್ಡದ ಮೇಲೆ ಒಣಗಿ ಹೋಗ್ತದೆ.”

“ಮತ್ತೆ ತಿಳಿಯೋದು ಹೇಗೆ?”

“ಕಾಲು ನೋಡು. ನೀರಿನದಕ್ಕೆ ಬೆರಳ ಸಂದಿಯಲ್ಲಿ ಬಾತುಕೋಳಿಯ ಹಾಗೆ ಚರ್ಮ. ನೆಲದ್ದಕ್ಕೆ ಆನೆಯ ಕಾಲು, ಚಿಕ್ಕದು.”

ಇಷ್ಟೇ ತಾನೆ! ಗವಿಯಪ್ಪ ಆಮೆಯನ್ನು ಅಂಗಳದಲ್ಲಿಟ್ಟು ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ಆಮೆ ಕಾಲು ತೋರಿಸಲಿಲ್ಲ. ತಲೆಯನ್ನೂ ತೋರಿಸಲಿಲ್ಲ.

ಅವನು ಬೇಡಿದ. ಗದರಿಸಿದ. ಬೆನ್ನು ತಟ್ಟಿ, “ಬಾರಪ್ಪ, ನಾನಿದ್ದೀನಿ” ಅಂದ. ಹುಲ್ಲುಕಡ್ಡಿ ಹಿಡಿದು ಕಚಗುಳಿ ಇಟ್ಟ. ಆಮೆ ಇನ್ನೂ ಒಳಕ್ಕೆ ಹೋಯಿತು.

“ಅಬ್ಬಾ, ಎಂಥಾ ಇಂದ್ರಿಯನಿಗ್ರಹ! ಇದು ದೊಡ್ಡ ಯೋಗಿ, ಅಜ್ಜಯ್ಯ.”

“ಯೋಗಿ ಅಲ್ಲಪ್ಪ. ಹೆದರಿದೆ.”

“ಯಾರಿಗೆ?”

“ನಿನಗೆ.”

“ನನಗಾ! ಅದರ ಪ್ರಾಣ ಉಳಿಸಿದವನು ನಾನು!”

“ಆ ವಿಷಯ ಅದಕ್ಕೆ ಯಾರೂ ಹೇಳಿಲ್ಲವೇನೋ.”

ಅಜ್ಜಯ್ಯ ಆಮೆಯ ಮೇಲೆ ಒಂದು ಬುಟ್ಟಿ ಕವುಚಿದರು. ಆಮೇಲೆ ತಮ್ಮ ಕರಿಕಂಬಳಿಯನ್ನು ಶಿಷ್ಯನ ಕಡೆ ಎಸೆದರು.

“ಹೊದ್ದುಕೊಂಡು ಬಾಗಿಲ ಹತ್ತಿರ ಮುದುಡಿಕೋ. ತಲೆ, ಕೈ, ಕಾಲು ಎಲ್ಲ ಒಳಗೆ. ಏನೇ ಆದರೂ ತುಟಿ ಬಿಚ್ಚಬೇಡ.”

ಗುರುವಾಕ್ಯ. ಗವಿಯಪ್ಪ ಮುದುಡಿಕೊಂಡ.

ಸ್ವಲ್ಪ ಹೊತ್ತಿಗೆ ಹಾಲು ಕೊಡುವ ಮಾರಕ್ಕ ಬಂದಳು. ಕೈಯಲ್ಲಿ ಎಮ್ಮೆ ಹೊಡೆಯುವ ಕೋಲು.

“ಇದೇನು ಅಜ್ಜಯ್ಯ, ಬಾಗಿಲಿಗೆ ಅಡ್ಡ?”

“ನೀನೇ ಹೇಳವ್ವ ತಾಯಿ.”

ಮಾರಕ್ಕ ಒಂದು ಸುತ್ತು ಬಂದಳು. “ಕುಂಬಳಕಾಯಿ ಮೂಟೆ.”

“ಸರಿಯಾಗಿ ನೋಡು.”

ಅವಳು ಕೋಲಿನಿಂದ ತಿವಿದಳು. “ಮೆತ್ತಗದೆ. ಕೊಳೆತ ಕುಂಬಳಕಾಯಿ.”

ಮೂಟೆ ನಡುಗಿ ಇನ್ನಷ್ಟು ಚಿಕ್ಕದಾಯಿತು.

“ಅಯ್ಯಯ್ಯೋ, ಜೀವ ಅದೆ! ಕರುವಾ?” ಮಾರಕ್ಕ ಮತ್ತೆರಡು ಸಲ ತಿವಿದು ನೋಡಿದಳು. ಪಕ್ಕೆಗೊಂದು, ಅದರ ಕೆಳಗೊಂದು.

“ನಮ್ಮ ಗವಿಯಪ್ಪ ಇರಬಹುದಾ?” ಅಂದರು ಅಜ್ಜಯ್ಯ, ಬಹಳ ಯೋಚನೆ ಮಾಡಿದವರ ಹಾಗೆ.

“ಬಿಡಿ ಅಜ್ಜಯ್ಯ! ಆ ಪುಣ್ಯಾತ್ಮ ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಇರ್ತಾನಾ?”

ಹಾಲು ಅಳೆದುಕೊಟ್ಟು, ಕೋಲು ಬೀಸುತ್ತ ಅವಳು ಹೊರಟುಹೋದಳು. ಅಂಗಳ ಸದ್ದಿಲ್ಲದಾಯಿತು. ಒಂದು ಕಾಗೆ ಬಂತು, ಹೋಯಿತು.

ಬಹಳ ಹೊತ್ತಿನ ಮೇಲೆ ಕಂಬಳಿಯ ಅಂಚಿನಿಂದ ಒಂದು ಹೆಬ್ಬೆರಳು ಹೊರಗೆ ಬಂತು. ಅದರ ಹಿಂದೆ ಇಡೀ ಪಾದ.

“ಗವಿಯಪ್ಪಾ.”

ಪಾದ ಸರಕ್ಕನೆ ಒಳಗೆ ಹೋಯಿತು.

“ಈಗ ಯಾಕೆ ಕಾಲು ಚಾಚಿದೆ?”

“ಜೋಮು ಹಿಡಿದಿತ್ತು, ಅಜ್ಜಯ್ಯ.”

“ಮಾರಕ್ಕ ಇದ್ದಾಗ ಚಾಚಬಹುದಿತ್ತಲ್ಲ?”

“ಆಯಮ್ಮ ತಿವೀತಿದ್ದಳಲ್ಲ! ಯಾರಾದರೂ ಅಷ್ಟು ಹತ್ತಿರ ನಿಂತು ತಿವೀತಿದ್ದರೆ…”

ಕಂಬಳಿಯೊಳಗೆ ಮಾತು ಅಲ್ಲಿಗೇ ನಿಂತಿತು.

ಗವಿಯಪ್ಪ ತಾನಾಗಿ ಎದ್ದ. ಹೋಗಿ ಬುಟ್ಟಿ ಎತ್ತಿದ. ಅಂಗಳ ದಾಟಿ ಬಂದು ಜಗಲಿಯ ಮೇಲೆ ಆಮೆಗೆ ಬೆನ್ನು ಹಾಕಿ ಕೂತ. ಅಜ್ಜಯ್ಯನೂ ಬಂದು ಪಕ್ಕದಲ್ಲಿ ಹಾಗೆಯೇ ಕೂತರು.

“ಬೆನ್ನು ಹಾಕಿ ಕೂತರೆ ಕಾಲು ಕಾಣೋದು ಹೇಗೆ?” ಗವಿಯಪ್ಪ ಪಿಸುಗುಟ್ಟಿದ.

“ಬೆಳಿಗ್ಗೆ ಅಂಗಳ ಗುಡಿಸಿದ್ದು ಯಾರು?”

“ನಾನೇ.”

“ಚೆನ್ನಾಗಿ ಗುಡಿಸಿದ್ದೀಯ. ಹಾಲು ಕುಡಿ.”

ಕೂತದ್ದು ಒಂದು ತಾಸು ಅಂತ ಕೆಲವರು ಹೇಳುತ್ತಾರೆ. ನಾನು ಹೇಳುವಾಗ ಎರಡು. ಗವಿಯಪ್ಪನನ್ನು ಕೇಳಿದರೆ ಮೂರು ದಿನ. ಎರಡು ಸಲ ಅವನ ಕತ್ತು ತಿರುಗಲು ಹೋಯಿತು. ಎರಡು ಸಲವೂ ಅಜ್ಜಯ್ಯನ ಕೈ ಅವನ ಕಿವಿಯ ಹತ್ತಿರ ಸಿದ್ಧವಾಗಿತ್ತು.

ಕೊನೆಗೆ ಅಜ್ಜಯ್ಯ ಕೆಮ್ಮಿದರು. “ನೋಡು ಈಗ.”

ಆಮೆ ಇರಲಿಲ್ಲ.

ಗುಡಿಸಿದ ಕೆಂಪು ಮಣ್ಣಿನ ಮೇಲೆ ಎರಡು ಸಾಲು ಗುರುತು. ದುಂಡಗೆ, ಮೊಂಡಗೆ, ಗೋಲಿಯಷ್ಟಗಲ; ಪುಟ್ಟ ಆನೆಯೊಂದು ನಡೆದುಹೋದ ಹಾಗೆ. ಸಾಲು ರಸ್ತೆಯ ಕಡೆ ಹೋಗಿರಲಿಲ್ಲ, ಕೆರೆಯ ಕಡೆ ಹೋಗಿರಲಿಲ್ಲ. ತುಳಸಿಕಟ್ಟೆ ಬಳಸಿ, ಬೇಲಿಯ ಸಂದಿಯಲ್ಲಿ ನುಗ್ಗಿ, ನೇರ ಗುಡ್ಡಕ್ಕೆ ಹೊರಟಿತ್ತು.

ಗವಿಯಪ್ಪ ಮಂಡಿಯೂರಿ ಒಂದು ಹೆಜ್ಜೆಯ ಮೇಲೆ ಬೆರಳಿಟ್ಟ.

“ನೆಲದ್ದು” ಅಂದ. ಬೆರಳು ತೆಗೆಯದೆ, “ಕೆರೆಗೆ ಬಿಡೋಕೆ ಆಶೀರ್ವಾದ ಕೇಳಿದ್ದೆ” ಅಂದ.

ಅಜ್ಜಯ್ಯ ಎಲೆಗೆ ಸುಣ್ಣ ಸವರುತ್ತಿದ್ದರು.

ಗವಿಯಪ್ಪ ಸಡಗರದಿಂದ ಎದ್ದು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ. “ಇನ್ನೂ ದೂರ ಹೋಗಿರಲ್ಲ, ಅಜ್ಜಯ್ಯ. ಓಡಿಹೋಗಿ ಅದನ್ನ ಗುಡ್ಡದವರೆಗೆ ತಲುಪಿಸಿ ಬಂದುಬಿಡ್ತೀನಿ.”

“ಕೂತ್ಕೋ ಗವಿಯಪ್ಪಾ. ಅದು ನಿನ್ನನ್ನ ಇಲ್ಲಿಯವರೆಗೆ ತಲುಪಿಸಿ ಈಗಷ್ಟೇ ಹೊರಟಿದೆ.”