ಗುಡಿಸದ ಮನೆ

"ಗುರುಗಳೇ, ಬಾಡಿಗೆಗೆ ಮನೆ ಹಿಡಿಯುವ ಮುಂಚೆ ಏನೇನು ನೋಡಬೇಕು, ಏನೇನು ಕೇಳಬೇಕು?" ಎಂದು ಅಡಿವೆಯ್ಯ ಕೇಳಿದ.

ಅಡಿವೆಯ್ಯ ಹಾಲುಹಲ್ಲು ಬೀಳುವ ಮೊದಲೇ ಮಠಕ್ಕೆ ಬಂದವನು. ಅಲ್ಲೇ ಉಂಡು, ಅಲ್ಲೇ ಓದಿ ದೊಡ್ಡವನಾಗಿದ್ದ. ಈಗ ದೂರದ ಪೇಟೆಯ ಪಾಠಶಾಲೆಯಲ್ಲಿ ಅವನಿಗೆ ಕೆಲಸ ಗೊತ್ತಾಗಿತ್ತು. ಮರುದಿನ ಬೆಳಿಗ್ಗೆ ಹೊರಡಬೇಕು. ಒಂದು ದಿನವೂ ಸ್ವಂತ ಬಾಗಿಲಿಗೆ ಬೀಗ ಹಾಕಿ ಗೊತ್ತಿಲ್ಲದವನಿಗೆ ಮನೆ ಹುಡುಕುವ ಭಯ ಒಂದು ಕಡೆ. ಇನ್ನೊಂದು ನೋವನ್ನು ಅವನು ಯಾರ ಹತ್ತಿರವೂ ಹೇಳಿರಲಿಲ್ಲ. ಕೆಲಸದ ಸುದ್ದಿ ತಿಳಿಸಿದಾಗ ಗುರುಗಳು "ಒಳ್ಳೆಯದಾಯಿತು, ಹೋಗಿ ಬಾ" ಎಂದಷ್ಟೇ ಅಂದಿದ್ದರು. ಇಷ್ಟು ವರ್ಷ ಸಾಕಿದವರಿಗೆ ನಾನು ಹೋಗುವುದು ಇಷ್ಟು ಹಗುರವೇ ಎಂದು ಅವನು ಒಳಗೊಳಗೇ ಕೊರಗುತ್ತಿದ್ದ.

ಗುರುಗಳು ದೀಪದ ಬತ್ತಿ ಹೊಸೆಯುತ್ತ ಕುಳಿತಿದ್ದರು. ಕೈ ನಿಲ್ಲಿಸಲಿಲ್ಲ.

"ಅಲ್ಲಯ್ಯಾ, ಮನೆಮಾರು ಬಿಟ್ಟ ಸನ್ಯಾಸಿಯನ್ನು ಹಿಡಿದು ಬಾಡಿಗೆ ಮನೆಯ ವಿಚಾರ ಕೇಳುತ್ತೀಯಲ್ಲ! ಆಗಲಿ, ಕುಳಿತುಕೋ. ಒಬ್ಬ ಗಡಿಗೆ ವ್ಯಾಪಾರಿಯ ಕತೆ ಹೇಳುತ್ತೇನೆ" ಎಂದು ಶುರುಮಾಡಿದರು.

ಒಂದೂರಲ್ಲಿ ಒಬ್ಬ ಗಡಿಗೆ ವ್ಯಾಪಾರಿ ಇದ್ದ. ಕುಂಬಾರರ ಹತ್ತಿರ ಗಡಿಗೆ ಕೊಂಡು ಸಂತೆಯಿಂದ ಸಂತೆಗೆ ಒಯ್ದು ಮಾರುವುದು ಅವನ ಕಸುಬು. ಕೊಳ್ಳುವಾಗ ಒಂದೊಂದು ಗಡಿಗೆಯನ್ನೂ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳುತ್ತಿದ್ದ. ಕೂದಲೆಳೆಯಷ್ಟು ಬಿರುಕಿದ್ದರೂ ಅವನಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಅವನು ಬಂದನೆಂದರೆ ಸಾಕು, ಕುಂಬಾರರ ಎದೆ ಡವಡವ ಎನ್ನುತ್ತಿತ್ತು. ನನ್ನ ಕಣ್ಣು ಕಿವಿ ತಪ್ಪಿಸಿ ಯಾವ ಕೊರತೆಯೂ ಹೋಗಲಾರದು ಎಂದು ಅವನಿಗೆ ಸ್ವಲ್ಪ ಜಂಬವೂ ಇತ್ತು.

ಅವನ ಹೆಂಡತಿಗೆ ಚೊಚ್ಚಲ ಬಸಿರು, ದಿನ ಹತ್ತಿರವಾಗಿತ್ತು. ಪಾಪ, ಅವಳಿಗೆ ತಾಯಿ ಇಲ್ಲ, ಅತ್ತೆಯೂ ಇಲ್ಲ. ಅಂಥ ಹೊತ್ತಿನಲ್ಲೇ ಇದ್ದ ಮನೆಯನ್ನು ಅದರ ಒಡೆಯ ತನ್ನ ಮಗಳಿಗೆ ಬೇಕೆಂದು ಬಿಟ್ಟುಕೊಡಲು ಹೇಳಿದ. ನಾನು ಸಂತೆಗೆ ಹೋದಾಗ ಇವಳಿಗೆ ನೋವು ಬಂದರೆ ಹತ್ತಿರ ಯಾರಿರುತ್ತಾರೆ ಎಂಬ ಚಿಂತೆಯಲ್ಲಿ ವ್ಯಾಪಾರಿಗೆ ಅನ್ನ ಸೇರುತ್ತಿರಲಿಲ್ಲ. ಹೆಂಡತಿಯ ಮುಂದೆ ಮಾತ್ರ ಅದನ್ನು ತೋರಗೊಡಲಿಲ್ಲ. "ನೀನು ಹೆದರಬೇಡ. ಗಡಿಗೆ ಆರಿಸಿದ ಹಾಗೆ ಮನೆ ಆರಿಸಿಕೊಂಡು ಬರುತ್ತೇನೆ" ಎಂದು ಹೇಳಿ ಹೊರಟ.

ಪಕ್ಕದ ಊರಿನಲ್ಲಿ ಎರಡು ಮನೆ ಖಾಲಿಯಾಗುತ್ತಿದ್ದವು. ಮೊದಲನೆಯದು ಒಬ್ಬ ಸಾಹುಕಾರನದು. ವ್ಯಾಪಾರಿ ಅಲ್ಲಿಗೆ ಹೋಗುವ ಹೊತ್ತಿಗೆ ಹಳೆಯ ಬಾಡಿಗೆಯವರು ಪಾತ್ರೆ ಪಡಗವನ್ನು ಗಾಡಿಗೆ ಹೇರಿ ಹೊರಟಿದ್ದರು. ಗಾಡಿ ಓಣಿಯ ತಿರುವು ದಾಟಿರಲಿಲ್ಲ, ಸಾಹುಕಾರನ ಆಳು ಪೊರಕೆ ಹಿಡಿದು ಒಳಗೆ ನುಗ್ಗಿದ. ಗುಡಿಸಿ, ಬಿಂದಿಗೆ ಬಿಂದಿಗೆ ನೀರು ಹೊಯ್ದು ತೊಳೆದುಬಿಟ್ಟ. ಅಬ್ಬಾ, ಎಂಥಾ ಚೊಕ್ಕಟ ಎಂದು ವ್ಯಾಪಾರಿ ತಲೆದೂಗಿದ. ಆಮೇಲೆ ಬಾವಿಯ ನೀರನ್ನು ಬಾಯಲ್ಲಿ ಹಿಡಿದು ರುಚಿ ನೋಡಿದ. ಬೇಸಿಗೆಯಲ್ಲಿ ಬತ್ತುತ್ತದೆಯೇ ಎಂದು ಕೇಳಿದ. ಹೆಂಚು ಒಡೆದರೆ ಯಾರು ಹಾಕಿಸಬೇಕು, ಬಾಡಿಗೆ ಯಾವಾಗ ಏರಿಸುತ್ತೀರಿ, ಬಿಡು ಅನ್ನುವುದಾದರೆ ಎಷ್ಟು ಮುಂಚೆ ಹೇಳುತ್ತೀರಿ ಎಂದೂ ಕೇಳಿದ. ಒಲೆಯಲ್ಲಿ ಹಿಡಿ ಹುಲ್ಲು ಹೊತ್ತಿಸಿ ಹೊಗೆ ಎತ್ತ ಹೋಗುತ್ತದೆಂದು ನೋಡಿದ. ಗೋಡೆಗಳನ್ನಂತೂ ಒಂದನ್ನೂ ಬಡಿಯದೆ ಬಿಡಲಿಲ್ಲ. ಎಲ್ಲವೂ ಗಟ್ಟಿ. ಸಾಹುಕಾರನೂ ಯಾವ ಪ್ರಶ್ನೆಗೂ ತಡವರಿಸಲಿಲ್ಲ.

ಎರಡನೆಯದು ಒಬ್ಬ ಅಜ್ಜಿಯ ಮನೆ. ಮುಂದಿನ ಭಾಗದಲ್ಲಿ ಅವಳೊಬ್ಬಳೇ ಇದ್ದಳು, ಹಿಂದಿನ ಭಾಗ ಬಾಡಿಗೆಗೆ. ಅಲ್ಲಿದ್ದವರೂ ಅದೇ ದಿನ ಬೆಳಿಗ್ಗೆ ಹೋಗಿದ್ದರು. ಒಳಗೆ ನೋಡಿದರೆ ನೆಲದ ತುಂಬ ಕಸ. ಒಂದು ಕಡೆ ಚೆಲ್ಲಿದ ನುಚ್ಚು, ಒಂದು ಕಡೆ ಬಾಡಿದ ಹೂವು, ಬಾಗಿಲ ಹತ್ತಿರ ಕೂಸಿನ ಒಡೆದ ಬಳೆ. ಗೋಡೆಯ ಬುಡದಲ್ಲಿ ಇದ್ದಿಲಿನಿಂದ ಗೀಚಿದ ಆನೆಯೋ ಎಮ್ಮೆಯೋ ಒಂದು ಚಿತ್ರ. ನೀರು ಸಿಹಿಯಾಗಿತ್ತು, ಗೋಡೆಯ ಸದ್ದೂ ಚೆನ್ನಾಗಿತ್ತು. ಆದರೆ ಆ ಕಸ ವ್ಯಾಪಾರಿಯ ಕಣ್ಣಿಗೆ ಚುಚ್ಚಿತು.

"ಯಾಕಜ್ಜೀ, ಮನೆ ತೋರಿಸುವ ಮುಂಚೆ ಒಂದು ಸಲ ಪೊರಕೆ ಆಡಿಸಬಾರದಿತ್ತೇ?" ಎಂದ.

"ನಾಳೆ ಗುಡಿಸುತ್ತೇನೆ ಕಣಪ್ಪಾ" ಎಂದಳು ಅಜ್ಜಿ.

ಅವಳ ಕಣ್ಣು ಕೆಂಪಗೆ ಊದಿಕೊಂಡಿತ್ತು. ವ್ಯಾಪಾರಿ ಅದನ್ನೂ ಗಮನಿಸಿದ. ಗಮನಿಸದೆ ಬಿಡುವ ಆಸಾಮಿಯೇ ಅವನು? ಈ ಮನೆಯಲ್ಲಿ ಒಲೆಯ ಹೊಗೆ ಹೊರಗೆ ಹೋಗುವುದಿಲ್ಲ ಎಂದು ತೀರ್ಮಾನಿಸಿದ! ಕಸವನ್ನೇ ನಾಳೆಗೆ ಹಾಕುವವಳು ಹೆಂಚನ್ನು ಮುಂದಿನ ವರ್ಷಕ್ಕೆ ಹಾಕುತ್ತಾಳೆ ಎಂದುಕೊಂಡು ಹೊರಟು ಬಂದ.

ಸಂಜೆ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ವರ್ಣಿಸಿದ. ನಾಳೆಯೇ ಹೋಗಿ ಸಾಹುಕಾರನಿಗೆ ಮಾತು ಕೊಟ್ಟು ಬರುತ್ತೇನೆ ಎಂದ. ಕೇಳುತ್ತ ಕೇಳುತ್ತ ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ಗಾಡಿ ಮರೆಯಾಗುವ ಮೊದಲೇ ಗುಡಿಸಿ ನೀರು ಹೊಯ್ದರಾ?" ಎಂದು ಕೇಳಿದಳು. "ಬೆನ್ನಿಗೇ ಗುಡಿಸಿ ತೊಳೆಯುವುದು ಹೆಣ ಹೊರಟ ಮನೆಯನ್ನಲ್ಲವಾ? ಬದುಕಿರುವವರು ಹೊರಟರೆ, ಅವರು ಕ್ಷೇಮವಾಗಿ ಸೇರುವ ತನಕ ಯಾರಾದರೂ ಪೊರಕೆ ಮುಟ್ಟುತ್ತಾರಾ? ಆ ಅಜ್ಜಿ ಅತ್ತಿದ್ದಾರೆ ಕಣ್ರೀ. ಅದು ಹೊಗೆಯಲ್ಲ."

ಇದು ವ್ಯಾಪಾರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಎಲ್ಲರ ಮನೆಯಲ್ಲೂ ಇದ್ದದ್ದೇ. ಅವನು ತಲೆ ತಗ್ಗಿಸಿ ತನ್ನ ಮನೆಯ ನೆಲ ನೋಡಿದ. ಬೆಳಿಗ್ಗೆ ಹೊರಡುವ ಮುಂಚೆ ಗಡಿಗೆಗಳಿಗೆ ಸುತ್ತುವಾಗ ಉದುರಿದ ಹುಲ್ಲು ಬಿದ್ದಲ್ಲೇ ಬಿದ್ದಿತ್ತು. ಅವನು ಹೊರಟ ದಿನ ಅವಳು ಯಾವತ್ತೂ ಗುಡಿಸುತ್ತಿರಲಿಲ್ಲ. ಇಷ್ಟು ದಿನ ಆ ಹುಲ್ಲನ್ನು ತುಳಿದುಕೊಂಡೇ ಒಳಗೆ ಬರುತ್ತಿದ್ದ ಅವನಿಗೆ ಅದು ಏನೆಂದು ಇವತ್ತು ಕಂಡಿತು.

ಬೆಳಗಾಗುತ್ತಲೇ ಅಜ್ಜಿಯ ಮನೆಗೆ ಓಡಿದ. ಅಷ್ಟರಲ್ಲಿ ಬೇರೆ ಯಾರಿಗಾದರೂ ಕೊಟ್ಟುಬಿಟ್ಟರೆ ಎಂದು ದಾರಿಯುದ್ದಕ್ಕೂ ಅವನ ಜೀವ ಕೈಯಲ್ಲಿತ್ತು. ಅಜ್ಜಿ ಪೊರಕೆ ಹಿಡಿದು ಹೊಸ್ತಿಲ ಹೊರಗೆ ನಿಂತಿದ್ದಳು. ಗುಡಿಸಲು ಬಂದವಳಿಗೆ ಒಳಗೆ ಕಾಲಿಡುವ ಮನಸ್ಸಾಗಿರಲಿಲ್ಲ.

"ಅಜ್ಜೀ, ಮನೆ ನನಗೇ ಕೊಡಬೇಕು" ಎಂದ.

"ನಿನ್ನೆ ಮೂಗು ಮುರಿದುಕೊಂಡು ಹೋದವನು ನೀನೇ ಅಲ್ಲವೇನೋ?"

"ನನ್ನ ಹೆಂಡತಿಗೆ ದಿನ ತುಂಬಿದೆ. ನನ್ನದು ಊರೂರು ತಿರುಗುವ ಕಸುಬು. ಅವಳಿಗೆ ಯಾರೂ ಇಲ್ಲ ಅಜ್ಜೀ" ಎಂದ.

ಅಜ್ಜಿ ಪೊರಕೆಯನ್ನು ಕೆಳಗೆ ಹಾಕಿದಳು. "ಅಯ್ಯೋ ನಿನ್ನ ಮನೆ ಕಾಯ! ನಿನ್ನೆ ಬಂದು ನನ್ನ ಗೋಡೆಗೆಲ್ಲ ಗುದ್ದಿ ಹೋದೆಯಲ್ಲ, ಈ ಮಾತು ಹೇಳುವುದಕ್ಕೆ ನಿನ್ನ ಬಾಯಿಗೆ ಏನಾಗಿತ್ತು? ಬಾಣಂತನ ನಾನು ಮಾಡುತ್ತೇನೆ. ಹೋಗು, ಕರೆದುಕೊಂಡು ಬಾ. ಗಾಡಿ ಮೆಲ್ಲಗೆ ಹೊಡೆಸು, ಬುದ್ಧಿಯಿಲ್ಲದವನೇ!"

ಹಾಗೆ ಆ ಮನೆಯಲ್ಲಿ ಹಾಲು ಉಕ್ಕಿತು. ಅಜ್ಜಿ ನೆಲವನ್ನೆಲ್ಲ ಸಾರಿಸಿದಳು, ಇದ್ದಿಲಿನ ಆನೆಯನ್ನು ಮಾತ್ರ ಮುಟ್ಟಲಿಲ್ಲ. ವ್ಯಾಪಾರಿ ಹೆದರಿದ್ದಂತೆಯೇ ಆಯಿತು. ಅವನು ಸಂತೆಯಲ್ಲಿದ್ದಾಗಲೇ ಹೆಂಡತಿಗೆ ನೋವು ಬಂತು. ಸುದ್ದಿ ಕೇಳಿ, ಗಡಿಗೆಗಳನ್ನು ಇದ್ದಲ್ಲೇ ಬಿಟ್ಟು ಓಡಿ ಬಂದರೆ, ಹೆಂಡತಿ ಬೆಚ್ಚಗೆ ಮಲಗಿದ್ದಳು. ಅಜ್ಜಿಯ ಮಡಿಲಲ್ಲಿ ಹೆಣ್ಣು ಕೂಸು.

"ತಗೋ, ಬಡಿದು ನೋಡಬೇಡ ಮಾರಾಯ. ಗಟ್ಟಿಯಾಗಿದೆ" ಎಂದು ಅಜ್ಜಿ ಕೂಸನ್ನು ಅವನ ಕೈಗಿಟ್ಟಳು.

ವ್ಯಾಪಾರಿ ನಗುತ್ತಲೇ ಅತ್ತುಬಿಟ್ಟ. ಆ ಮನೆಯ ಹಿತ್ತಿಲ ಬಾಗಿಲು ಮಳೆಗಾಲ ಬಂದರೆ ಉಬ್ಬಿ ಮುಚ್ಚುತ್ತಿರಲಿಲ್ಲ. ಅದೊಂದನ್ನು ಅವನು ನೋಡಿಯೇ ಇರಲಿಲ್ಲ. ಆಮೇಲೂ ದೂರು ಹೇಳಲಿಲ್ಲ.

ಕತೆ ಮುಗಿಯಿತು. "ಹಾಗಾದರೆ ನೀರು, ಗೋಡೆ ಇವನ್ನೆಲ್ಲ ನೋಡುವುದು ಬೇಡವೇ ಗುರುಗಳೇ?" ಎಂದ ಅಡಿವೆಯ್ಯ.

"ಬೇಡವೆಂದು ಯಾರಯ್ಯಾ ಹೇಳಿದರು? ಎಲ್ಲವನ್ನೂ ನೋಡು, ಹಿತ್ತಿಲ ಬಾಗಿಲನ್ನೂ ನೋಡು. ಆಮೇಲೆ, ಹಿಂದೆ ಇದ್ದವರು ಹೇಗೆ ಹೋದರೆಂದು ಕೇಳು. ನಿನಗೆ ಬೇಕಾದದ್ದೇನೆಂದು ಬಾಯಿಬಿಟ್ಟು ಹೇಳು. ಕೆಲವರಿಗೆ ಅದೇ ಬರುವುದಿಲ್ಲ" ಎಂದರು ಗುರುಗಳು.

ಅಡಿವೆಯ್ಯನ ಮುಖ ಕೆಂಪಾಯಿತು. ಆದರೂ ಅವನು ಬಾಯಿಬಿಡಲಿಲ್ಲ. ಎದ್ದು ನಮಸ್ಕರಿಸಿ, "ಬೆಳಿಗ್ಗೆ ನನ್ನ ಕೋಣೆಯನ್ನು ಗುಡಿಸಿ, ಸಾರಿಸಿಯೇ ಹೊರಡುತ್ತೇನೆ. ಬೇರೆ ಯಾರಿಗಾದರೂ ಬೇಕಾಗಬಹುದು" ಎಂದ.

ಬತ್ತಿ ಹೊಸೆಯುತ್ತಿದ್ದ ಗುರುಗಳ ಕೈ ಆಗ ನಿಂತಿತು.

"ನೀನು ಊರು ಮುಟ್ಟಿದ ಸುದ್ದಿ ಬರುವ ತನಕ ಆ ಕೋಣೆಗೆ ಯಾರೂ ಪೊರಕೆ ತಾಗಿಸಬಾರದೆಂದು ಆಗಲೇ ಹೇಳಿಟ್ಟಿದ್ದೇನೆ, ಮಗೂ."